‘ಜಾಸ್ತಿ ಹೋಗ್ತೈತೆ’ ಅಂದ್ರೆ ಎಷ್ಟು? ಮುಟ್ಟಿನಿಂದ ಹೆರಿಗೆ ತನಕ ರಕ್ತ ಅಳೆಯೋ ಲೆಕ್ಕ

ಆಶಾ_ಹೊಳಲ್ಕೆರೆ
ಎಲ್ಲರಿಗೂ ನಮಸ್ಕಾರ. ಸ್ತ್ರೀಶಕ್ತಿ ಸಂಘದ ಸಭೆಗಳಲ್ಲಿ ಹೆಣ್ಮಕ್ಕಳ ಪ್ರಶ್ನೆ ಒಂದೇ: "ಮುಟ್ಟಾದಾಗ ಜಾಸ್ತಿ ಹೋಗ್ತೈತೆ, ಎಲ್ಲರಿಗೂ ಹಿಂಗೇನಾ?" ಜಾಸ್ತಿ ಅಂದ್ರೆ ಎಷ್ಟು ಅಂತ ತಿರುಗಿಸಿ ಕೇಳಿದ್ರೆ ಉತ್ತರ ಇಲ್ಲ. ಒಬ್ಬರಿಗೆ ದಿನಕ್ಕೆ ಎರಡು ಪ್ಯಾಡೇ ಜಾಸ್ತಿ, ಇನ್ನೊಬ್ಬರಿಗೆ ಎಂಟೂ ಮಾಮೂಲು. ಬಟ್ಟೆ ಬಳಸೋರ ಲೆಕ್ಕ ಬೇರೇನೇ. ಮನೇಲಿ ಅಳೆಯೋಕೆ ದಾರಿ ಐತಾ? ಎಷ್ಟಾದ್ರೆ ಆಸ್ಪತ್ರೆಗೆ ಕಳಿಸಬೇಕು? ಬಾಣಂತಿಯರ ವಿಚಾರದಲ್ಲೂ ಇದೇ ಗೊಂದಲ. ತಿಳಿದವರು ಬಿಡಿಸಿ ಹೇಳಿ.

ಸ್ತ್ರೀರೋಗ_ದಾವಣಗೆರೆ
ಪುಸ್ತಕದ ಗೆರೆ 80 ಮಿಲಿ. ಒಂದು ಮುಟ್ಟಿನ ಅಷ್ಟೂ ದಿನ ಸೇರಿ ಸಾಮಾನ್ಯವಾಗಿ 30ರಿಂದ 40 ಮಿಲಿ ರಕ್ತ ಹೋಗುತ್ತದೆ. 80 ದಾಟಿದರೆ ಅತಿಸ್ರಾವ. ಈ ಅಂಕಿ ಎಲ್ಲಿಂದ ಬಂತು ಅಂದರೆ, 80 ಮಿಲಿ ರಕ್ತದ ಜೊತೆ 30ರಿಂದ 40 ಮಿಲಿಗ್ರಾಂ ಕಬ್ಬಿಣಾಂಶ ಹೊರಹೋಗುತ್ತದೆ. ಊಟದಿಂದ ದೇಹ ಹೀರಿಕೊಳ್ಳುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ, ಅದರಲ್ಲೂ ಮುಟ್ಟಿಲ್ಲದ ದಿನಗಳಲ್ಲೂ ಚರ್ಮ, ಕರುಳಿನಿಂದ ಸುಮಾರು ಒಂದು ಮಿಲಿಗ್ರಾಂ ಕಳೆದೇ ಹೋಗುತ್ತದೆ. 80ರ ಆಚೆ ಜಮಾಕ್ಕಿಂತ ಖರ್ಚು ಜಾಸ್ತಿ.

ಮಿಲಿ ಲೆಕ್ಕ ಮನೆಯಲ್ಲಿ ಆಗುವ ಮಾತಲ್ಲ. ಅದಕ್ಕೆ 1990ರಿಂದ ಒಂದು ಅಂಕದ ಪಟ್ಟಿ ಬಳಕೆಯಲ್ಲಿದೆ. ಪ್ಯಾಡ್‌ಗೆ ಸ್ವಲ್ಪ ಕಲೆ ಮಾತ್ರ ಆಗಿದ್ದರೆ 1 ಅಂಕ, ಅರ್ಧಂಬರ್ಧ ನೆನೆದಿದ್ದರೆ 5, ಪೂರ್ತಿ ತೊಯ್ದಿದ್ದರೆ 20. ಹೆಪ್ಪು ಬಿದ್ದರೆ ಒಂದು ರೂಪಾಯಿ ನಾಣ್ಯದಷ್ಟಿರುವುದಕ್ಕೆ 1, ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡದಕ್ಕೆ 5. ಎಲ್ಲ ದಿನದ ಮೊತ್ತ 100 ದಾಟಿದರೆ ಅತಿಸ್ರಾವ ಅಂತ ಹಿಡಿಯಿರಿ. ಮೊದಲ ದಿನ ಅರ್ಧ ನೆನೆದ ಮೂರು ಪ್ಯಾಡ್ ಅಂದರೆ 15. ಎರಡನೇ ದಿನ ಪೂರ್ತಿ ತೊಯ್ದ ನಾಲ್ಕು, ಅಂದರೆ 80. ಜೊತೆಗೆ ದೊಡ್ಡ ಹೆಪ್ಪು ಎರಡು, 10. ಎರಡೇ ದಿನಕ್ಕೆ 105 ಆಯಿತು. ಮೂರನೇ ದಿನ ಎಣಿಸುವ ಅಗತ್ಯವೇ ಇಲ್ಲ.

ಇಲ್ಲಿ ಒಂದು ಸೂಕ್ಷ್ಮ. ಎಷ್ಟು ಪ್ಯಾಡ್ ಅನ್ನುವುದಕ್ಕಿಂತ ಎಷ್ಟು ನೆನೆದ ಪ್ಯಾಡ್ ಅನ್ನುವುದು ಮುಖ್ಯ. ಸ್ವಚ್ಛತೆಗೆಂದು ಆಗಾಗ ಬದಲಿಸುವವರ ಆರು ಪ್ಯಾಡ್ ಸೇರಿಸಿದರೂ 6 ಅಂಕ ಆಗಬಹುದು.

ಲ್ಯಾಬ್_ಚಳ್ಳಕೆರೆ
ಬಟ್ಟೆ ಬಳಸೋರಿಗೆ ಒಂದು ಉಪಾಯ. ಕೆಮ್ಮಿನ ಔಷಧಿ ಬಾಟ್ಲಿಗೆ ಅಳತೆ ಮುಚ್ಚಳ ಇರುತ್ತಲ್ಲ, ಅದರ ಒಳಗೆ 5, 10 ಮಿಲಿ ಅಂತ ಗೆರೆ ಇರುತ್ತೆ. ದಿನಾ ಬಳಸೋ ಬಟ್ಟೆ ಮಡಿಕೆಗೆ ನೀರು ಹೊಯ್ದು ಎಷ್ಟು ಮುಚ್ಚಳಕ್ಕೆ ಪೂರ್ತಿ ನೆನೆದು ಅಂಚಿಗೆ ಬರುತ್ತೆ ನೋಡ್ಕೊಳ್ಳಿ. ಹಳೇ ಪಂಚೆ ನಾಲ್ಕು ಮಡಿಕೆಗೂ ಟೆರಿಕಾಟ್ ಸೀರೆ ತುಂಡಿಗೂ ಬಹಳ ವ್ಯತ್ಯಾಸ ಇರುತ್ತೆ. ಒಂದ್ಸಲ ಗೊತ್ತಾದ್ರೆ ಆಮೇಲೆ ಕಣ್ಣಳತೆ ಸಾಕು.

ಇನ್ನೂ ಸರಿಯಾಗಿ ಬೇಕಂದ್ರೆ ತೂಕ ಮಾಡಬಹುದು. ರಕ್ತ 1 ಮಿಲಿ ಅಂದ್ರೆ ಹೆಚ್ಚುಕಡಿಮೆ 1 ಗ್ರಾಂ. ನೆನೆದ ತೂಕದಲ್ಲಿ ಒಣ ತೂಕ ಕಳೀರಿ.

ಸ್ತ್ರೀರೋಗ_ದಾವಣಗೆರೆ
ಲ್ಯಾಬ್ ಅಣ್ಣ, ಬಟ್ಟೆಯ ಉಪಾಯ ಚೆನ್ನಾಗಿದೆ, ತೂಕದ್ದು ಮುಟ್ಟಿಗೆ ಹೊಂದುವುದಿಲ್ಲ. ಮುಟ್ಟಿನ ಸ್ರಾವದಲ್ಲಿ ರಕ್ತ ಅರ್ಧದಷ್ಟೂ ಇರದೇ ಇರಬಹುದು. ಉಳಿದದ್ದು ಗರ್ಭಕೋಶದ ಒಳಪೊರೆ, ಲೋಳೆ, ದ್ರವ. ತೂಕದ ಲೆಕ್ಕ ರಕ್ತವನ್ನು ದುಪ್ಪಟ್ಟು ತೋರಿಸೀತು. ತೂಕ ಹಾಕಬೇಕಾದ ಜಾಗ ಹೆರಿಗೆ ಕೋಣೆ.

ಅಂಕ ಬರೆದಿಡಲು ಆಗದವರಿಗೆ ಇಷ್ಟು ಕೇಳಿ. ಗಂಟೆಗೊಂದು ಪ್ಯಾಡ್ ಬದಲಿಸಬೇಕಾ? ರಾತ್ರಿ ಅದಕ್ಕೇ ಎದ್ದೇಳಬೇಕಾ? ಒಂದರ ಮೇಲೊಂದು ಎರಡು ಪ್ಯಾಡ್ ಇಡಬೇಕಾ? ಎಂಟು ದಿನ ದಾಟುತ್ತಾ? ಒಂದಕ್ಕೆ ಹೌದು ಅಂದರೂ ತಪಾಸಣೆ ಬೇಕು. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನಕ್ಕೆ 24ರಿಂದ 38 ದಿನ ಸರಿ. ನಡುವೆ ಮತ್ತೆ ಕಾಣಿಸಿಕೊಂಡರೆ, ಕೂಡಿದ ನಂತರ ರಕ್ತ ಕಂಡರೆ, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ಅಳತೆ ಲೆಕ್ಕಕ್ಕಿಲ್ಲ, ಅದು ಬೇರೆ ದಾರಿ, ಕ್ಯಾನ್ಸರ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು.

ಸಿಎಚ್‌ಒ_ಜಗಳೂರು
ಒಂದು ಸೇರಿಸ್ತೀನಿ. ಮದುವೆಯಾದವರಿಗೆ ಮುಟ್ಟು ತಡವಾಗಿ ಬಂದು ಜೋರಾಗಿ ಹೋದ್ರೆ ಮೊದಲು ಮೂತ್ರದ ಗರ್ಭ ಪರೀಕ್ಷೆ. ಒಂದೇ ಪಕ್ಕ ಕಿಬ್ಬೊಟ್ಟೆ ನೋವು, ತಲೆಸುತ್ತು, ಕಾರ್ಡಲ್ಲಿ ಎರಡು ಗೆರೆ ಅಂದ್ರೆ ನಾಳೆ ನೋಡೋಣ ಅನ್ನೋ ಹಂಗಿಲ್ಲ, ಗರ್ಭನಾಳದಲ್ಲಿ ಬಸಿರು ನಿಂತಿರಬಹುದು. ಹೊರಗೆ ಬರೋ ರಕ್ತ ಚಮಚೆಯಷ್ಟೇ ಇದ್ರೂ ಒಳಗೆ ಹೊಟ್ಟೇಲಿ ಲೀಟರುಗಟ್ಟಲೆ ತುಂಬಿರಬಹುದು. ಅಳತೆ ಮೋಸ ಮಾಡೋದು ಇಲ್ಲೊಂದೇ ಕಡೆ.

ಲ್ಯಾಬ್_ಚಳ್ಳಕೆರೆ
ಇಲ್ಲೊಂದೇ ಕಡೆ ಅಲ್ಲ ಮೇಡಂ, ಹೆರಿಗೆಯಲ್ಲೂ ಮೋಸ ಐತೆ, ಆಮೇಲೆ ಬರ್ತೀನಿ.

ಈಗ ಹಿಮೋಗ್ಲೋಬಿನ್. ಬಸುರಿಯಲ್ಲದವರಿಗೆ 12, ಬಸುರಿಯರಿಗೆ 11, ಅದಕ್ಕಿಂತ ಕೆಳಗೆ ರಕ್ತಹೀನತೆ. ಬೆರಳು ಚುಚ್ಚಿ ಹಿಂಡಿದ್ರೆ ರಕ್ತದ ಜೊತೆ ಅಂಗಾಂಶದ ನೀರು ಸೇರಿ ಓದು ಕಮ್ಮಿ ಬರುತ್ತೆ. ಕೈ ಬೆಚ್ಚಗೆ ಮಾಡಿ, ಬೆರಳ ತುದಿ ನಡುವೆ ಅಲ್ಲ ಪಕ್ಕಕ್ಕೆ ಚುಚ್ಚಿ, ಸ್ಪಿರಿಟ್ ಒಣಗಿರಲಿ, ಮೊದಲ ಹನಿ ಒರೆಸಿ ಎರಡನೇ ಹನಿ ತಗೊಳ್ಳಿ. ಸಾಹ್ಲಿ ಟ್ಯೂಬಲ್ಲಿ ಬಣ್ಣ ಹೊಂದಿಸೋದು ನೋಡೋರ ಕಣ್ಣಿನ ಮೇಲೆ, ಇಬ್ಬರು ನೋಡಿದ್ರೆ ಎರಡು ಉತ್ತರ. ಸೆಲ್ ಕೌಂಟರ್ ಇದ್ದಲ್ಲಿ ಸಿಬಿಸಿ (ರಕ್ತಕಣಗಳ ಪೂರ್ತಿ ಎಣಿಕೆ) ಮಾಡಿಸೋದೇ ವಾಸಿ.

ಸಿಬಿಸಿ ಚೀಟಿಯಲ್ಲಿ ಎಂಸಿವಿ ಅಂತ ಇರುತ್ತೆ, ಕೆಂಪು ಕಣದ ಗಾತ್ರ. 80ಕ್ಕಿಂತ ಕಮ್ಮಿ ಇದ್ರೆ ಕಬ್ಬಿಣದ ಕೊರತೆ ಅನುಮಾನ. ಆದ್ರೆ ಎಂಸಿವಿಯನ್ನ ಕೆಂಪು ಕಣದ ಎಣಿಕೆಯಿಂದ (ಮಿಲಿಯನ್ ಲೆಕ್ಕ) ಭಾಗಿಸಿ. 13ಕ್ಕಿಂತ ಕಮ್ಮಿ ಬಂದ್ರೆ ಥಲಸ್ಸೀಮಿಯಾ (ವಂಶದಿಂದ ಬರೋ ರಕ್ತದ ಕಾಯಿಲೆ) ವಾಹಕ ಇರಬಹುದು, ಅದನ್ನ ಪತ್ತೆ ಮಾಡೋ ಎಚ್‌ಬಿಎ2 ಪರೀಕ್ಷೆ ಮಾಡಿಸಿ. ಅಂಥವರಿಗೆ ಕಬ್ಬಿಣ ಕೊರತೆ ಇಲ್ಲದೇ ವರ್ಷಾನುಗಟ್ಟಲೆ ಗುಳಿಗೆ ನುಂಗಿಸೋದು ಸುಮ್ನೆ. ಫೆರಿಟಿನ್ ಮಾಡಿಸೋಕೆ ಆದ್ರೆ ಇನ್ನೂ ಒಳ್ಳೇದು. 15ಕ್ಕಿಂತ ಕಮ್ಮಿ ಅಂದ್ರೆ ಕಬ್ಬಿಣದ ಗೋದಾಮು ಖಾಲಿ. ಹಿಮೋಗ್ಲೋಬಿನ್ 12 ಇದ್ರೂ ಫೆರಿಟಿನ್ ಖಾಲಿ ಇರೋರು ಬೇಕಾದಷ್ಟು. ಜ್ವರ, ಸೋಂಕು ಇದ್ದಾಗ ಮಾತ್ರ ಫೆರಿಟಿನ್ ಸುಳ್ಳು ಏರಿಕೆ ತೋರಿಸುತ್ತೆ.

ಮೆಡಿಕಲ್_ಪಿಜೆ_ಬಡಾವಣೆ
ಅಂಗಡಿ ಕಡೆಯ ಮಾತು. "ನಿಲ್ಲೋ ಗುಳಿಗೆ ಕೊಡಿ" ಅಂತ ಕೇಳಿದಾಗ ಅದರಲ್ಲಿ ಮೂರು ಜಾತಿ ಇದೆ, ಜನ ಮೂರನ್ನೂ ಒಂದೇ ಅಂದ್ಕೊಂಡಿರ್ತಾರೆ.

ಟ್ರಾನೆಕ್ಸಾಮಿಕ್ ಆ್ಯಸಿಡ್ ಹಾರ್ಮೋನ್ ಅಲ್ಲ. ಕಟ್ಟಿದ ಹೆಪ್ಪು ಕರಗದಂತೆ ತಡೀತದೆ. ಡೋಸ್ 1 ಗ್ರಾಂ, ದಿನಕ್ಕೆ ಮೂರು ಸಲ, ಜೋರಾಗಿ ಹೋಗೋ ನಾಲ್ಕೈದು ದಿನ ಮಾತ್ರ. ಸ್ರಾವ ಸುಮಾರು ಅರ್ಧಕ್ಕೆ ಇಳೀತದೆ. ನಮ್ಮಲ್ಲಿ ಜಾಸ್ತಿ ಓಡೋದು 500 ಟ್ರಾನೆಕ್ಸಾಮಿಕ್ ಜೊತೆ 250 ಮೆಫೆನಾಮಿಕ್ ಸೇರಿರೋ ಗುಳಿಗೆ. ಅದನ್ನ ಹೊತ್ತಿಗೊಂದರಂತೆ ಮೂರು ನುಂಗಿದ್ರೆ ದಿನಕ್ಕೆ ಒಂದೂವರೆ ಗ್ರಾಂ ಆಯ್ತು, ಬೇಕಾಗಿದ್ದು ಮೂರು. "ಗುಳಿಗೆ ತಗೊಂಡ್ರೂ ನಿಲ್ಲಲಿಲ್ಲ" ಅನ್ನೋದರ ಹಿಂದೆ ಬಹಳ ಸಲ ಈ ಅರ್ಧ ಡೋಸ್ ಇರ್ತದೆ. ಹಾಗಂತ ನೀವೇ ಎರಡೆರಡು ನುಂಗಬೇಡಿ. ಕಾಲಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದೋರಿಗೆ ಇದು ಕೂಡದು, ಕಿಡ್ನಿ ತೊಂದರೆ ಇದ್ದೋರಿಗೆ ಡೋಸ್ ಇಳಿಸಬೇಕು. ಚೀಟಿ ಬರೆಯೋರ ಹತ್ರ ಲೆಕ್ಕ ಕೇಳಿ.

ಮೆಫೆನಾಮಿಕ್ ಆ್ಯಸಿಡ್ 500 ನೋವಿಗೆ ಚೆನ್ನಾಗಿ ಹಿಡೀತದೆ, ಸ್ರಾವವೂ ಸ್ವಲ್ಪ ಇಳೀತದೆ. ಊಟ ಆದ ಮೇಲೇ ತಗೋಬೇಕು. ಹೊಟ್ಟೆಹುಣ್ಣು ಇದ್ದೋರಿಗೆ ಬೇಡ.

ಮೂರನೇದು ನಾರ್‌ಎಥಿಸ್ಟರೋನ್ 5 ಮಿಲಿಗ್ರಾಂ. ಹಬ್ಬಕ್ಕೆ ಮುಂದೂಡೋದು ಇದರಿಂದಲೇ. ದುಗ್ಗಮ್ಮನ ಜಾತ್ರೆ ವರ್ಷ, ನಾಯಕನಹಟ್ಟಿ ತೇರಿನ ವಾರ ಕೇಳಿ ನೋಡಿ! ಮುಟ್ಟಿನ ದಿನಕ್ಕೆ ಮೂರು ದಿನ ಮುಂಚೆ ಶುರು ಮಾಡಿ ದಿನಕ್ಕೆ ಮೂರು. ಕಲೆ ಕಾಣಿಸಿದ ಮೇಲೆ ಓಡಿ ಬಂದ್ರೆ ಕೆಲಸ ಮಾಡಲ್ಲ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬಂದೇ ಬರ್ತದೆ. ನಡುವೆ ಒಂದು ಹೊತ್ತು ತಪ್ಪಿಸಿದ್ರೆ ಅಲ್ಲೇ ಶುರುವಾಗಬಹುದು. ಇಷ್ಟು ಡೋಸಲ್ಲಿ ಸ್ವಲ್ಪ ಭಾಗ ದೇಹದಲ್ಲಿ ಈಸ್ಟ್ರೋಜನ್ ಆಗಿ ಬದಲಾಗ್ತದೆ, ಅದಕ್ಕೇ ಹೆಪ್ಪಿನ ಅಪಾಯ ಇರೋರಿಗೆ ಇದನ್ನ ಕೊಡಬಾರದು.

ಅಂದಹಾಗೆ ಛಾಯಾ ಗುಳಿಗೆ ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ ಆರ್ಮೆಲಾಕ್ಸಿಫೀನ್. ಗರ್ಭನಿರೋಧಕ ಅಂತ ಕೊಡೋದು, ಆದ್ರೆ ಅತಿಸ್ರಾವಕ್ಕೂ ಡಾಕ್ಟ್ರು ಬರೀತಾರೆ. ವಾರಕ್ಕೆರಡು ಸಲ ಮೂರು ತಿಂಗಳು, ಆಮೇಲೆ ವಾರಕ್ಕೊಂದು. ಮುಟ್ಟು ತಡವಾಗೋದು ಮಾಮೂಲು, ಗಾಬರಿಯಾಗಿ ನಡುವೆ ಬಿಡೋರೇ ಜಾಸ್ತಿ.

ಆಶಾ_ಹೊಳಲ್ಕೆರೆ
ಕಬ್ಬಿಣದ ಕೆಂಪು ಗುಳಿಗೆ ಕೊಟ್ರೆ "ಹೊಟ್ಟೆ ತೊಳಸ್ತೈತೆ, ಕಪ್ಪಗೆ ಹೋಗ್ತೈತೆ" ಅಂತ ಡಬ್ಬೀಲೇ ಇಟ್ಟುಬಿಡ್ತಾರೆ. ಏನು ಹೇಳೋದು?

ಸಿಎಚ್‌ಒ_ಜಗಳೂರು
ಕಪ್ಪಗೆ ಹೋಗೋದು ಹೀರಿಕೊಳ್ಳದೆ ಉಳಿದ ಕಬ್ಬಿಣ, ಅದು ರಕ್ತ ಅಲ್ಲ ಅಂತ ಮೊದಲೇ ಹೇಳಿಬಿಡಿ ಅಕ್ಕ. ಕೊಟ್ಟ ಮೇಲೆ ಹೇಳಿದ್ರೆ ನಂಬಲ್ಲ. ಹೊಟ್ಟೆ ತೊಳಸಿದ್ರೆ ರಾತ್ರಿ ಮಲಗೋ ಮುಂಚೆ ತಗೊಳ್ಳಲಿ. ಹಾಗೂ ಆಗದಿದ್ರೆ ದಿನ ಬಿಟ್ಟು ದಿನ. ಬಸುರಿಯಲ್ಲದವರಲ್ಲಿ ದಿನ ಬಿಟ್ಟು ದಿನ ತಗೊಂಡ್ರೆ ಪ್ರತಿ ಗುಳಿಗೆಯಿಂದ ಹೀರಿಕೆ ಜಾಸ್ತಿ ಅಂತ ಗೊತ್ತಾಗಿದೆ. ನಿಂಬೆಹಣ್ಣಿನ ನೀರು ಜೊತೆಗಿರಲಿ. ಚಹಾ, ಕಾಫಿ ಹಿಂದೆ ಮುಂದೆ ಒಂದು ಗಂಟೆ ಬೇಡ. ಕ್ಯಾಲ್ಸಿಯಂ ಗುಳಿಗೆ ಜೊತೆ ಬೇಡವೇ ಬೇಡ, ಎರಡು ಗಂಟೆ ಅಂತರ.

ಬಸುರಿಯರಿಗೆ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇರೋ ಕೆಂಪು ಗುಳಿಗೆ ನಾಲ್ಕನೇ ತಿಂಗಳಿಂದ ದಿನಾ ಒಂದು, ಕನಿಷ್ಠ 180. ಹೆರಿಗೆ ಆದ ಮೇಲೆ ಮತ್ತೆ 180. ರಕ್ತ ಕಮ್ಮಿ ಇದ್ರೆ ದಿನಕ್ಕೆರಡು. ತಿಂಗಳಿಗೆ ಹಿಮೋಗ್ಲೋಬಿನ್ ಒಂದಾದ್ರೂ ಏರಬೇಕು. ಏರಲಿಲ್ಲ ಅಂದ್ರೆ ನುಂಗ್ತಾ ಇಲ್ಲ, ಇಲ್ಲವೇ ರೋಗ ಬೇರೆ.

ರಾಗಿ ಮುದ್ದೆ ತಿಂದ್ರೆ ಸಾಕಲ್ವಾ ಅಂತಾರೆ. ರಾಗೀಲಿ ಕಬ್ಬಿಣ ಇದೆ, 100 ಗ್ರಾಂಗೆ ನಾಲ್ಕೂವರೆ ಮಿಲಿಗ್ರಾಂ ಹತ್ರ. ಆದ್ರೆ ಅದರಲ್ಲೇ ಇರೋ ಫೈಟೇಟ್ ಅದನ್ನ ಹಿಡಿದಿಟ್ಟುಕೊಳ್ಳುತ್ತೆ. ಮೊಳಕೆ ಬರಿಸಿ ಹಿಟ್ಟು ಮಾಡಿಸಿದ್ರೆ ಹೀರಿಕೆ ಸುಧಾರಿಸುತ್ತೆ. ಊಟ ಮುಗಿದ ಕೂಡ್ಲೇ ಚಹಾ ಕುಡಿದ್ರೆ ಅದೂ ಹೋಯ್ತು.

ಸ್ತ್ರೀರೋಗ_ದಾವಣಗೆರೆ
ಗುಳಿಗೆ ಹಿಡಿಯದವರಿಗೆ, ಹೆರಿಗೆ ಹತ್ತಿರ ಬಂದವರಿಗೆ ನರಕ್ಕೆ ಕಬ್ಬಿಣ. ಲೆಕ್ಕ ಹೀಗೆ: ತೂಕ × (ಬೇಕಾದ ಹಿಮೋಗ್ಲೋಬಿನ್ − ಈಗಿರುವುದು) × 2.4, ಅದಕ್ಕೆ ಗೋದಾಮಿಗೆಂದು 500 ಕೂಡಿಸಿ. 50 ಕೆ.ಜಿ. ಬಸುರಿ, 8 ಇದೆ, 11 ಆಗಬೇಕು: 360 + 500 = 860 ಮಿಲಿಗ್ರಾಂ. ಐರನ್ ಸುಕ್ರೋಸ್ ಆದರೆ ಒಂದು ಸಲಕ್ಕೆ 200, ಅದು ನಾಲ್ಕೈದು ಸಲ ಬರಬೇಕಾದ ಕೆಲಸ. ಎರಡು ಸಲ ಬಂದು ನಿಲ್ಲಿಸಿಬಿಡುತ್ತಾರೆ, ಬಸ್ ಖರ್ಚು, ಕೂಲಿ ಎಲ್ಲ ಲೆಕ್ಕ ಹಾಕಿ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ ಒಂದೇ ಸಲಕ್ಕೆ 1000 ತನಕ, ಸಲೈನ್‌ನಲ್ಲಿ ಬೆರೆಸಿ 15 ನಿಮಿಷ. ಮೊದಲ ಮೂರು ತಿಂಗಳಲ್ಲಿ ಯಾವುದೂ ಇಲ್ಲ. ಕೊಟ್ಟ ಮೇಲೆ ಅರ್ಧ ಗಂಟೆ ಕೂರಿಸಿ ನೋಡಬೇಕು, ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಕೈಗೆಟುಕಬೇಕು. ಬಸುರಿಗೆ 7ಕ್ಕಿಂತ ಕಡಿಮೆ ಇದ್ದು ಕೊನೆಯ ಮೂರು ತಿಂಗಳಾಗಿದ್ದರೆ ಆಸ್ಪತ್ರೆಗೆ ಸೇರಿಸಿ. ಅದು ಉಪಕೇಂದ್ರದ ಕೆಲಸವಲ್ಲ.

ಮೆಡಿಕಲ್_ಪಿಜೆ_ಬಡಾವಣೆ
ಒಂದು ನೇರ ಪ್ರಶ್ನೆ ಮೇಡಂ. ಮಕ್ಕಳಾಗಿ ಆಪರೇಷನ್ ಆದೋರಿಗೆ ಇಷ್ಟೆಲ್ಲ ಯಾಕೆ, ಗರ್ಭಚೀಲ ತೆಗೆಸಿಬಿಟ್ರೆ ಮುಗೀತಲ್ಲ ಅಂತಾರೆ ಜನ.

ಸ್ತ್ರೀರೋಗ_ದಾವಣಗೆರೆ
ಮುಗಿಯುವುದಿಲ್ಲ. ಅಂಡಾಶಯ ಉಳಿಸಿದರೂ ಅದರ ರಕ್ತ ಪೂರೈಕೆ ಸ್ವಲ್ಪ ಕಡಿತವಾಗಿ ಮುಟ್ಟು ನಿಲ್ಲುವ ಕಾಲದ ತೊಂದರೆಗಳು ಬೇಗ ಬರಬಹುದು. ಅಂಡಾಶಯವನ್ನೂ ತೆಗೆದರೆ 35ನೇ ವಯಸ್ಸಿಗೇ ಮೂಳೆ ಸವೆತ, ಹೃದಯದ ಚಿಂತೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದರ ಬಗ್ಗೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಮಾರ್ಗಸೂಚಿ ಅನುಸರಿಸಲು ಹೇಳಿದೆ.

ಮೊದಲು ಕಾರಣ ಹುಡುಕಬೇಕು. ಸ್ಕ್ಯಾನ್ ಚೀಟಿಯಲ್ಲಿ ‘ಗಡ್ಡೆ’ ಅಂತ ಕಂಡ ಕೂಡಲೇ ಗಾಬರಿ ಬೇಡ. ಗಡ್ಡೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ. ಗರ್ಭಕೋಶದ ಹೊರಮೈಗೆ ಅಂಟಿದ 6 ಸೆಂ.ಮೀ. ಗಡ್ಡೆ ಒಂದು ಹನಿ ರಕ್ತವನ್ನೂ ಹೆಚ್ಚಿಸದೆ ಇರಬಹುದು. ಒಳಪೊರೆಯ ಕೆಳಗೆ ಉಬ್ಬಿರುವ 2 ಸೆಂ.ಮೀ. ಗಡ್ಡೆ ಹಾಸಿಗೆ ತೋಯಿಸುತ್ತದೆ, ಅದನ್ನು ಹಿಸ್ಟರೋಸ್ಕೋಪ್ (ಗರ್ಭಕೋಶದ ಒಳಗೆ ನೋಡುವ ದುರ್ಬೀನು) ಮೂಲಕ ಕೆಳಗಿನಿಂದಲೇ ಕೆರೆದು ತೆಗೆಯಬಹುದು. ಥೈರಾಯ್ಡ್ ನೋಡಿಸಿ. ತಾಮ್ರದ ಕಾಪರ್-ಟಿ ಹಾಕಿಸಿಕೊಂಡವರಿಗೆ ಸ್ರಾವ ಹೆಚ್ಚುವುದು ಗೊತ್ತಿರುವ ಸಂಗತಿ. 45 ದಾಟಿದವರಿಗೆ, ಔಷಧಿಗೆ ಬಗ್ಗದವರಿಗೆ ಒಳಪೊರೆಯ ಚೂರು ತೆಗೆದು ಬಯಾಪ್ಸಿ ಮಾಡದೆ ಮುಂದಿನ ಮಾತೇ ಇಲ್ಲ. ಕಾರಣ ಸಿಕ್ಕಿ, ಕ್ಯಾನ್ಸರ್ ಅಲ್ಲ ಅಂತಾದ ಮೇಲೆ ಹಾರ್ಮೋನ್ ಇರುವ ವಂಕಿ ಇದೆ, 52 ಮಿಲಿಗ್ರಾಂ ಲಿವೊನಾರ್ಜೆಸ್ಟ್ರೆಲ್. ಮೊದಲ ಮೂರರಿಂದ ಆರು ತಿಂಗಳು ಚುಕ್ಕೆ ಚುಕ್ಕೆ ಕಾಣಿಸಿ ಕಿರಿಕಿರಿ ಮಾಡುತ್ತದೆ, ಆಮೇಲೆ ಸ್ರಾವ ಶೇ 90ರ ತನಕ ಇಳಿಯುತ್ತದೆ. ಈ ಮೊದಲ ಆರು ತಿಂಗಳ ವಿಷಯ ಹೇಳದೆ ಹಾಕಿ ಕಳಿಸಿದರೆ ಎರಡೇ ತಿಂಗಳಿಗೆ ತೆಗೆಸಿಕೊಳ್ಳಲು ಬರುತ್ತಾರೆ.

ಲ್ಯಾಬ್_ಚಳ್ಳಕೆರೆ
ಹುಡುಗೀರ ವಿಷಯ ಬಿಟ್ಟು ಹೋಯ್ತು. ಮೈನೆರೆದ ಮೊದಲ ಮುಟ್ಟಿಂದಲೇ ಧಾರಾಕಾರ ಹೋಗ್ತಿದ್ರೆ, ಮೂಗಲ್ಲಿ ಆಗಾಗ ರಕ್ತ, ಹಲ್ಲು ಕೀಳಿಸಿದಾಗ ನಿಲ್ಲದೇ ಹೋಗೋದು, ಸುಮ್ನೆ ಮೈ ಮೇಲೆ ನೀಲಿ ಕಲೆ ಇದ್ರೆ ಗಡ್ಡೆ ಹುಡುಕೋದಲ್ಲ, ಹೆಪ್ಪುಗಟ್ಟೋ ಶಕ್ತಿ ನೋಡಬೇಕು. ವಾನ್ ವಿಲ್ಲೆಬ್ರ್ಯಾಂಡ್ ಅನ್ನೋ, ಹೆಪ್ಪುಗಟ್ಟಿಸೋ ಅಂಶದ ಕೊರತೆ ಇರಬಹುದು. ರಕ್ತ ನಿಲ್ಲೋ, ಹೆಪ್ಪುಗಟ್ಟೋ ಹೊತ್ತು ನೋಡೋ ಸಾಮಾನ್ಯ ಬಿಟಿ-ಸಿಟಿ ಪರೀಕ್ಷೆ ಸರಿ ಬಂದ್ರೂ ಈ ಕೊರತೆ ಇರಬಹುದು, ಅದರ ಅಂಶದ ಪರೀಕ್ಷೆಯೇ ಬೇರೆ. ಇಂಥವರಿಗೆ ಆಸ್ಪಿರಿನ್, ಮೆಫೆನಾಮಿಕ್ ಕೊಟ್ರೆ ಸ್ರಾವ ಇನ್ನೂ ಜಾಸ್ತಿ ಆಗುತ್ತೆ. ಬೆಂಗಳೂರಿಗೇ ಹೋಗಬೇಕಂತಿಲ್ಲ. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರೋದು ದಾವಣಗೆರೇಲೇ. ಹಿಮೋಫಿಲಿಯಾ ಅಂದ್ರೆ ಗಂಡುಮಕ್ಕಳ ಕಾಯಿಲೆ ಅಂದ್ಕೊಂಡು ಹುಡುಗೀರನ್ನ ಯಾರೂ ಅಲ್ಲಿಗೆ ಕರ್ಕೊಂಡು ಹೋಗಲ್ಲ.

ಲೇಬರ್‌ರೂಂ_ಸಿಸ್ಟರ್
ಈಗ ಹೆರಿಗೆ. ಹೆರಿಗೆ ಹೊತ್ತಿಗೆ ಗರ್ಭಕೋಶಕ್ಕೆ ಹರಿಯೋ ರಕ್ತ ನಿಮಿಷಕ್ಕೆ ಅರ್ಧ ಲೀಟರ್ ಮೇಲೆ. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿದ್ರೆ ಮಾತ್ರ ಆ ನಳಗಳು ಮುಚ್ಚೋದು. ಮುದುಡದಿದ್ರೆ ನಲ್ಲಿ ಬಿಟ್ಟ ಹಾಗೆ.

ಅದಕ್ಕೇ ಮಗು ಹುಟ್ಟಿದ ಒಂದು ನಿಮಿಷದೊಳಗೆ ಆಕ್ಸಿಟೋಸಿನ್ 10 ಯೂನಿಟ್ ತೊಡೆಗೆ. ನಮ್ಮಲ್ಲಿ ಬರೋ ಆಂಪ್ಯೂಲ್ ಬಹಳಷ್ಟು 5 ಯೂನಿಟ್ಟಿಂದು, ಅಂದ್ರೆ ಎರಡು ಒಡೀಬೇಕು. ಒಂದೇ ಒಡೆದು ಕೊಟ್ಟು "ಕೊಟ್ಟಾಯ್ತು" ಅನ್ನೋದು ತಪ್ಪು. ಕೊಡೋ ಮುಂಚೆ ಹೊಟ್ಟೆ ಮುಟ್ಟಿ ಎರಡನೇ ಮಗು ಇಲ್ಲ ಅಂತ ನೋಡಿ. ಔಷಧಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಚಿತ್ರದುರ್ಗದ ಏಪ್ರಿಲ್ ಬಿಸಿಲಿಗೆ ಟ್ರೇನಲ್ಲಿ ದಿನಗಟ್ಟಲೆ ಇಟ್ರೆ ನೋಡೋಕೆ ನೀರಿನ ಹಾಗೇ ಇರುತ್ತೆ, ಶಕ್ತಿ ಇರಲ್ಲ. ಫ್ರಿಜ್ ಇಲ್ಲದ ಕಡೆ ಮಿಸೋಪ್ರೋಸ್ಟಾಲ್ 600 ಮೈಕ್ರೋಗ್ರಾಂ, ಅಂದ್ರೆ 200ರ ಮೂರು ಗುಳಿಗೆ ಬಾಯಿಗೆ. ಇದರ ಪರೀಕ್ಷೆ ನಡೆದಿದ್ದು ನಮ್ಮದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಎಎನ್‌ಎಂಗಳ (ಹಳ್ಳಿಯ ಆರೋಗ್ಯ ಸಹಾಯಕಿಯರ) ಕೈಲಿ. 2006ರಲ್ಲಿ ಪ್ರಕಟ ಆಯ್ತು, ಅತಿ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿದಿತ್ತು. ಚಳಿ, ನಡುಕ, ಜ್ವರ ಬರಬಹುದು, ಗುಳಿಗೆಯ ಗುಣ ಅದು.

ಇದೇ ಆಕ್ಸಿಟೋಸಿನ್‌ನ ಮಗು ಹುಟ್ಟೋ ಮುಂಚೆ "ನೋವು ಬರಲಿ" ಅಂತ ಸೊಂಟಕ್ಕೆ ಚುಚ್ಚೋದು ಮಹಾ ಅಪರಾಧ. ಡ್ರಿಪ್ಪಲ್ಲಿ ಹನಿ ಲೆಕ್ಕದಲ್ಲಿ ಕೊಡೋದೇ ಬೇರೆ, ಬೇಕಾದ್ರೆ ನಿಲ್ಲಿಸಬಹುದು. ಚುಚ್ಚಿದ್ದನ್ನ ವಾಪಸ್ ತೆಗೆಯೋಕಾಗಲ್ಲ. ಗರ್ಭಕೋಶ ಬಿರಿಯೋದು, ಮಗುಗೆ ಉಸಿರು ಕಟ್ಟೋದು ಇದರಿಂದಲೇ. ಹೊಟ್ಟೆ ಮೇಲಿಂದ ಮೊಣಕೈ ಹಾಕಿ ಒತ್ತೋದೂ ಅಷ್ಟೇ.

ಹೊಕ್ಕುಳ ಬಳ್ಳಿ ಒಂದರಿಂದ ಮೂರು ನಿಮಿಷ ಬಿಟ್ಟು ಕತ್ತರಿಸಿ. ಮಾಸು ಎಳೀವಾಗ ಒಂದು ಕೈ ಬಳ್ಳಿ ಮೇಲೆ, ಇನ್ನೊಂದು ಕೈ ಕಿಬ್ಬೊಟ್ಟೆ ಮೇಲೆ ಗರ್ಭಕೋಶವನ್ನ ಮೇಲಕ್ಕೆ ತಡೆಹಿಡಿದಿರಬೇಕು. ಗಟ್ಟಿಯಾದಾಗ ಮಾತ್ರ ಹಗೂರ ಎಳೀರಿ. ಬರದಿದ್ರೆ ಬಿಟ್ಟು ಕಾಯಿರಿ. ಜಗ್ಗಿದ್ರೆ ಗರ್ಭಕೋಶ ಚೀಲ ಮಗುಚಿದ ಹಾಗೆ ಒಳಮೈ ಹೊರಗೆ ಬರುತ್ತೆ. ಮಾಸು ಬಂದ ಮೇಲೆ ಅಂಗೈ ಮೇಲೆ ಹರಡಿ ತುಣುಕುಗಳೆಲ್ಲ ಕೂಡುತ್ತವಾ ನೋಡಿ. ಒಂದು ಕಡೆ ಹಳ್ಳ ಕಂಡ್ರೆ ಚೂರು ಒಳಗೇ ಉಳಿದಿದೆ. ಆಮೇಲೆ 15 ನಿಮಿಷಕ್ಕೊಮ್ಮೆ ಎರಡು ಗಂಟೆ ಹೊಕ್ಕುಳ ಹತ್ರ ಕೈ ಇಟ್ಟು ನೋಡಿ. ತೆಂಗಿನಕಾಯಿ ಹಾಗೆ ಗಟ್ಟಿ ಸಿಗಬೇಕು, ಹಿಟ್ಟಿನ ಮುದ್ದೆ ಹಾಗೆ ಮೆತ್ತಗಿದ್ರೆ ಉಜ್ಜಿ. ಮೂತ್ರಕೋಶ ತುಂಬಿದ್ರೆ ಗರ್ಭಕೋಶ ಮುದುಡಲ್ಲ, ಮೊದಲು ಅದನ್ನ ಖಾಲಿ ಮಾಡಿಸಿ.

ಅಳತೆ ವಿಷಯಕ್ಕೆ ಬಂದ್ರೆ, ಕಣ್ಣಂದಾಜು ಯಾವಾಗಲೂ ಕಮ್ಮೀನೇ ಹೇಳೋದು. 500 ಮಿಲಿ ಅಂದ್ರೆ ಒಂದು ಅರ್ಧ ಲೀಟರ್ ನಂದಿನಿ ಪ್ಯಾಕೆಟ್. ನೆಲದ ಮೇಲೆ ಚೆಲ್ಲಿದ್ರೆ ಸುಮಾರು 50 ಸೆಂ.ಮೀ. ಅಗಲ ಹರಡುತ್ತೆ. 75 ಸೆಂ.ಮೀ. ಆದ್ರೆ ಒಂದು ಲೀಟರ್. ಅಳತೆ ಗೆರೆ ಇರೋ ಪ್ಲಾಸ್ಟಿಕ್ ಡ್ರೇಪ್ ಬರುತ್ತೆ, ಸೊಂಟದ ಕೆಳಗೆ ಹಾಸಿ ಕೊನೇಲಿ ಚೀಲದ ಥರ ಇಳಿಬಿಡೋದು. ಮಗು ಹುಟ್ಟಿ ನೀರೆಲ್ಲ ಹೋದ ಮೇಲೆ ಹಾಕಬೇಕು, ಇಲ್ಲಾಂದ್ರೆ ಗರ್ಭದ ನೀರೂ ಲೆಕ್ಕಕ್ಕೆ ಸೇರುತ್ತೆ.

ಸ್ತ್ರೀರೋಗ_ದಾವಣಗೆರೆ
ಸಿಸ್ಟರ್ ಹೇಳಿದ ಆ ಚೀಲಕ್ಕೆ ಎಷ್ಟು ಬೆಲೆ ಅಂತ 2023ರಲ್ಲಿ ಗೊತ್ತಾಯಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ನಡೆದ ಇ-ಮೋಟಿವ್ ಅಧ್ಯಯನ. ಕಣ್ಣಂದಾಜಿನಲ್ಲಿ ಅತಿಸ್ರಾವ ಪತ್ತೆಯಾಗಿದ್ದು ಶೇ 51, ಡ್ರೇಪ್ ಹಾಕಿದ ಕಡೆ ಶೇ 93. ತೀವ್ರ ಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು ಎಲ್ಲ ಸೇರಿ ಶೇ 4.3 ಇದ್ದದ್ದು 1.6. ಹೊಸ ಔಷಧಿ ಒಂದೂ ಇರಲಿಲ್ಲ. ಉಜ್ಜುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್, ಸಲೈನ್, ಒಳಗೆ ಹರಿದಿದೆಯಾ ಅಂತ ನೋಡುವುದು — ಒಂದಾದ ಮೇಲೊಂದು ಮಾಡಿ ಕಾಯದೆ, ಐದನ್ನೂ ಒಟ್ಟಿಗೆ ಮಾಡಿದ್ದಷ್ಟೇ. 500 ಆಗುವ ತನಕ ಕೂರಬೇಡಿ. 300 ದಾಟಿ ನಾಡಿ ಓಡುತ್ತಿದ್ದರೆ, ಬಿಪಿ ಇಳಿಯುತ್ತಿದ್ದರೆ ಶುರು ಮಾಡಿ. ಹಿಮೋಗ್ಲೋಬಿನ್ 7 ಇರುವವಳಿಗೆ 300 ಮಿಲಿಯೇ ದೊಡ್ಡ ನಷ್ಟ.

ಟ್ರಾನೆಕ್ಸಾಮಿಕ್ ಇಲ್ಲಿ ಗುಳಿಗೆ ಅಲ್ಲ, ನರಕ್ಕೆ 1 ಗ್ರಾಂ, ಹತ್ತು ನಿಮಿಷ ನಿಧಾನಕ್ಕೆ. ಹೆರಿಗೆಯಾದ ಮೂರು ಗಂಟೆಯೊಳಗೆ. ಅದರ ಆಚೆ ಪ್ರಯೋಜನ ಇಲ್ಲ. ಅರ್ಧ ಗಂಟೆಯಾದರೂ ಹೋಗುತ್ತಿದ್ದರೆ ಇನ್ನೊಂದು.

ಲ್ಯಾಬ್_ಚಳ್ಳಕೆರೆ
ಆಗ ಹೇಳ್ತೀನಿ ಅಂದಿದ್ದ ಮೋಸ ಇದು. ರಕ್ತ ಹೋಗ್ತಿರುವಾಗಲೇ ಸ್ಯಾಂಪಲ್ ಕಳಿಸಿ "ಹಿಮೋಗ್ಲೋಬಿನ್ 10 ಇದೆಯಲ್ಲ, ಚಿಂತೆ ಇಲ್ಲ" ಅಂತಾರೆ. ಕಣ, ನೀರು ಎರಡೂ ಒಟ್ಟಿಗೇ ಹೋಗಿರುತ್ತೆ, ಪ್ರಮಾಣ ಅಷ್ಟೇ ಇರುತ್ತೆ. ಸಲೈನ್ ಏರಿ, ದೇಹದ ನೀರು ಸೇರಿ ತಿಳಿಯಾದ ಮೇಲೆ ನಿಜ ಅಂಕಿ ಬರೋದು. ಆ ಹೊತ್ತಲ್ಲಿ ನಾಡಿಯನ್ನ ಮೇಲಿನ ಬಿಪಿಯಿಂದ ಭಾಗಿಸಿ. ನಾಡಿ 110, ಬಿಪಿ 100 ಅಂದ್ರೆ 1.1. 0.9 ದಾಟಿದ್ರೆ ಎಚ್ಚರ.

ಅರಿವಳಿಕೆ_ಡಾಕ್ಟ್ರು
ಎರಡೇ ಮಾತು. ಸಿಸೇರಿಯನ್‌ನಲ್ಲಿ ಆಕ್ಸಿಟೋಸಿನ್ 10 ಯೂನಿಟ್ ಒಂದೇ ಸಲ ನರಕ್ಕೆ ತಳ್ಳಬೇಡಿ, ಬಿಪಿ ಧಡಕ್ಕನೆ ಬೀಳುತ್ತದೆ. 3ರಿಂದ 5 ಯೂನಿಟ್ ನಿಧಾನ, ಉಳಿದದ್ದು ಡ್ರಿಪ್‌ನಲ್ಲಿ.

ಎರಡನೆಯದು ಇನ್ನೂ ಗಂಭೀರ. ಟ್ರಾನೆಕ್ಸಾಮಿಕ್ ಆಂಪ್ಯೂಲ್, ಬೆನ್ನಿಗೆ ಕೊಡುವ ಬುಪಿವಕೈನ್ ಆಂಪ್ಯೂಲ್ ಎರಡೂ ನೋಡಲು ಅವಳಿ. ಅದಲು ಬದಲಾಗಿ ಟ್ರಾನೆಕ್ಸಾಮಿಕ್ ಬೆನ್ನುಹುರಿಗೆ ಹೋದರೆ ಅಪಸ್ಮಾರ, ಸಾವು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಎಚ್ಚರಿಕೆ ಕೊಟ್ಟಿದೆ. ಟ್ರಾನೆಕ್ಸಾಮಿಕ್ ಅರಿವಳಿಕೆ ಟ್ರೇ ಹತ್ತಿರವೇ ಸುಳಿಯಬಾರದು. ಅದರ ಜಾಗ ಬೇರೆ ಡಬ್ಬಿ, ಬೇರೆ ಕಪಾಟು.

ಲೇಬರ್‌ರೂಂ_ಸಿಸ್ಟರ್
ಮೊಳಕಾಲ್ಮುರು ಕಡೆಯಿಂದ ಚಿತ್ರದುರ್ಗಕ್ಕೆ 80 ಕಿ.ಮೀ. ಆಸುಪಾಸು. 108ರಲ್ಲಿ ಸುಮ್ನೆ ಮಲಗಿಸಿ ಕಳಿಸೋದಲ್ಲ. ಎರಡೂ ಕೈಗೆ ದಪ್ಪ ಸೂಜಿ, ಹಸಿರು ಇಲ್ಲವೇ ಬೂದು ಬಣ್ಣದ್ದು. ಮೂತ್ರಕ್ಕೆ ಕ್ಯಾತಿಟರ್. ನಿಲ್ಲದಿದ್ರೆ ಕಾಂಡೋಮ್‌ನ ಫೋಲಿ ಕ್ಯಾತಿಟರ್ ತುದಿಗೆ ದಾರದಿಂದ ಬಿಗಿದು ಗರ್ಭಕೋಶದೊಳಗೆ ಇಟ್ಟು ಸಲೈನ್ 250ರಿಂದ 500 ಮಿಲಿ ತುಂಬಿಸಿ, ರಕ್ತ ನಿಂತ ಕಡೆ ನಿಲ್ಲಿಸಿ. ಢಾಕಾದ ಸಯೀಬಾ ಅಖ್ತರ್ ಅವರು ತೋರಿಸಿಕೊಟ್ಟ ದಾರಿ ಇದು. ಯಾವ ಇಂಜೆಕ್ಷನ್ ಎಷ್ಟೊತ್ತಿಗೆ ಕೊಟ್ಟಿದ್ದು ಅಂತ ಚೀಟೀಲಿ ಗಂಟೆ ಸಮೇತ ಬರೀರಿ. ರಕ್ತದ ಗುಂಪು ತಾಯಿ ಕಾರ್ಡಲ್ಲಿ ಇರುತ್ತೆ, ಹೊರಡೋ ಮುಂಚೆ ಆ ಕಡೆ ಆಸ್ಪತ್ರೆಗೆ ಫೋನ್ ಮಾಡಿ ಹೇಳಿ. ಜೆಎಸ್‌ಎಸ್‌ಕೆ (ಜನನಿ ಶಿಶು ಸುರಕ್ಷಾ ಕಾರ್ಯಕ್ರಮ) ಪ್ರಕಾರ ಸರ್ಕಾರಿ ಆಸ್ಪತ್ರೇಲಿ ರಕ್ತ, ಔಷಧಿ, ಸಿಸೇರಿಯನ್, ಗಾಡಿ ಎಲ್ಲ ಪುಕ್ಕಟೆ, ಮನೆಯವರು ದುಡ್ಡು ಹೊಂದಿಸ್ತಾ ಕೂರಬಾರದು.

ಸಿಎಚ್‌ಒ_ಜಗಳೂರು
ಗೊಲ್ಲರಹಟ್ಟಿಗಳ ವಿಷಯ ಹೇಳದಿದ್ರೆ ನಮ್ಮ ಎರಡು ಜಿಲ್ಲೆಯ ಲೆಕ್ಕ ಪೂರ್ತಿ ಆಗಲ್ಲ. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಮುಟ್ಟಾದೋರು, ಬಾಣಂತಿಯರು ಸೂತಕ ಅಂತ ಊರಾಚೆ ಗುಡಿಸಲಲ್ಲಿ, ಇಲ್ಲಾಂದ್ರೆ ಸರ್ಕಾರ ಕಟ್ಟಿಸಿದ ಕೃಷ್ಣ ಕುಟೀರದಲ್ಲಿ ಇರೋದು ಇನ್ನೂ ಇದೆ. ಅವರನ್ನ ಮನೆಯವರು ದೂರದಿಂದ ನೋಡ್ತಾರೆ, ಪ್ಯಾಡ್ ನೋಡೋರಿಲ್ಲ. ಆಸ್ಪತ್ರೆಯಿಂದ ಬಂದ ಮೇಲೂ ವಾರಗಳ ನಂತರ ಮತ್ತೆ ಜೋರು ಸ್ರಾವ ಶುರುವಾಗಬಹುದು, ಮಾಸಿನ ಚೂರು ಉಳಿದೋ ಸೋಂಕಿಂದಲೋ. ಆಶಾ ಭೇಟಿ 3, 7, 14, 21, 28, 42ನೇ ದಿನ ಇರೋದು ಮಗು ತೂಕಕ್ಕೆ ಮಾತ್ರ ಅಲ್ಲ. ಪ್ಯಾಡ್ ತೋರಿಸು ಅಂತ ಕೇಳಿ. ಗಂಟೆಗೊಂದು ತೊಯ್ದು ಎರಡು ಗಂಟೆ ಹಂಗೇ ಹೋದ್ರೆ, ನಿಂಬೆಹಣ್ಣಿಗಿಂತ ದೊಡ್ಡ ಹೆಪ್ಪು ಬಿದ್ರೆ, ನಾತ, ಜ್ವರ ಇದ್ರೆ ಅವತ್ತೇ ಆಸ್ಪತ್ರೆ. ಸೂತಕ ಮುಗಿಯೋ ದಿನಕ್ಕೆ ಕಾಯೋದಲ್ಲ. ಬಾಣಂತಿಗೆ ಕುಡಿಯೋ ನೀರು ಕಟ್ಟೋ ಪದ್ಧತಿಯನ್ನೂ ಬಿಡಿಸಿ, ರಕ್ತ ಕಳಕೊಂಡ ಮೈಗೆ ನೀರೇ ಮೊದಲ ಔಷಧಿ.

ಆಶಾ_ಹೊಳಲ್ಕೆರೆ
ಎಲ್ಲರಿಗೂ ಧನ್ಯವಾದ, ಇದನ್ನ ಬರೆದಿಟ್ಕೊಂಡೆ. ಕೊನೇದು. ಡ್ರೇಪ್ ಇಲ್ಲದ ಕಡೆ ಹೆರಿಗೆ ಆದ್ರೆ ಏನ್ ಮಾಡೋದು? ಅಂಗನವಾಡಿ ತಕ್ಕಡೀಲಿ ಬಟ್ಟೆ ತೂಗಬಹುದಾ?

ಲ್ಯಾಬ್_ಚಳ್ಳಕೆರೆ
ಸಾಲ್ಟರ್ ತಕ್ಕಡೀಲಿ ಬೇಡ ಅಕ್ಕಾರೆ, ಅದರ ಒಂದು ಗೆರೆ ಅಂದ್ರೆ 100 ಗ್ರಾಂ, ಇಲ್ಲಿ ಅಷ್ಟು ವ್ಯತ್ಯಾಸ ನಡೆಯಲ್ಲ. ಅಡುಗೆಮನೆ ಡಿಜಿಟಲ್ ತಕ್ಕಡಿ, 1 ಗ್ರಾಂ ತೋರಿಸೋದು, ಸಾಕು. ಬಟ್ಟೆ, ಪ್ಯಾಡ್ ಎಷ್ಟೆಷ್ಟು ಅಂತ ಹೆರಿಗೆಗೆ ಮುಂಚೆನೇ ಒಣ ತೂಕ ಬರೆದು ಗೋಡೆಗೆ ಅಂಟಿಸಿ.

ಲೇಬರ್‌ರೂಂ_ಸಿಸ್ಟರ್
ಮತ್ತೆ ನೆನೆದ ಬಟ್ಟೆಯನ್ನ ತೂಗೋ ತನಕ ಬಕೆಟ್ ನೀರಿಗೆ ಹಾಕಬೇಡಿ ಅಂತ ಆಯಾಗೆ ಮೊದಲೇ ಹೇಳಿ.